ಒಂದೇ ತಲೆಯ ಮರ

ಅವರು ಯಾವುದನ್ನು ಮುಟ್ಟಬೇಕಾದರೂ ಮೊದಲು ಕೈಯ ಹಿಂಬದಿಯಲ್ಲಿ ಮುಟ್ಟುತ್ತಿದ್ದರು. ಗೇಟು, ಬೀಗ, ಬಸ್ಸಿನ ಕಂಬಿ, ಕಾಫಿ ಲೋಟ, ಜ್ವರ ಬಂದ ಮೊಮ್ಮಗಳ ಹಣೆ, ಎಲ್ಲಕ್ಕೂ ಅದೇ. ಬೆರಳು ಮಡಚಿ, ಹಿಂಗೈಯನ್ನು ಒಂದು ಗಳಿಗೆ ತಾಗಿಸಿ, ಆಮೇಲೆ ಹಿಡಿಯುವುದು. ಕರೆಂಟು ಹರಿಯುತ್ತಿರುವುದನ್ನು ಅಂಗೈಯಲ್ಲಿ ಹಿಡಿದರೆ ಮುಷ್ಟಿ ಕಚ್ಚಿಕೊಂಡುಬಿಡುತ್ತದೆ. ಹಿಂಗೈಯಾದರೆ ತಾನೇ ಚಿಮ್ಮಿ ಈಚೆ ಬರುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಕಂಬ ಹತ್ತಿದವರ ಅಭ್ಯಾಸ. ನಾನೊಮ್ಮೆ ರೇಗಿಸಿದೆ, "ಏನ್ ಯಜಮಾನ್ರೇ, ಕಾಫಿ ಲೋಟಕ್ಕೂ ಕರೆಂಟ್ ಕೊಟ್ಟಿದ್ದಾರಾ?" ಅಂತ. ಅವರು ನಗಲಿಲ್ಲ. "ಅಂಗೈಗ ಆಸ ಜಾಸ್ತಿ ಸಾ, ಇಡ್ಕಂಡ್ರ ಬುಡಾದಿಲ್ಲ. ಇಂಗೈಗ ಆಸ ಇಲ್ಲ, ಅದ್ಕೇ ಬದುಕ್ಕತದ" ಅಂದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯುವ ಮುಖ ನನಗಿಲ್ಲ. ಯಳಂದೂರಿನ ಕಡೆ ನಾನು ಸೆಕ್ಷನ್ ಆಫೀಸರ್ ಆಗಿ ಬಂದಾಗ ಅವರು ನನ್ನ ಕೈಕೆಳಗೆ ಲೈನ್‌ಮನ್, ನಿವೃತ್ತಿಗೆ ಇನ್ನೈದು ವರ್ಷವಿತ್ತು. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರು. ಮನೆ ಮಾಂಬಳ್ಳಿಯಲ್ಲಿ, ಊರ ಅಂಚಿಗೆ. ಕಳೆದ ತಿಂಗಳು ತೀರಿಕೊಂಡರು. ಸತ್ತವರ ಬಗ್ಗೆ ಒಳ್ಳೆಯ ಮಾತು ಬರೆಯುವುದು ಸುಲಭ, ಅವರ ಬಗ್ಗೆ ಇನ್ನೂ ಸುಲಭ. ನನಗೆ ಕಷ್ಟವಾಗಿರುವುದು ನನ್ನ ಬಗ್ಗೆ ಬರೆಯುವುದು, ಮತ್ತು ಅದನ್ನು ಬಿಟ್ಟರೆ ಇಲ್ಲಿ ಬರೆಯಲು ಏನೂ ಇಲ್ಲ.

ನಮ್ಮ ಕೆಲಸದಲ್ಲಿ ಮಳೆಗಾಲಕ್ಕೆ ಮುಂಚೆ ಜಂಗಲ್ ಕಟಿಂಗ್ ಅಂತ ಒಂದು ಇದೆ. ತಂತಿಗೆ ತಾಗುವ ಕೊಂಬೆಗಳನ್ನೆಲ್ಲ ಕಡಿಯುವುದು. ಕರೆಂಟು ಹೋದರೂ ಜನ ಬೈಯುತ್ತಾರೆ, ಹೋಗಬಾರದು ಅಂತ ಮರ ಕಡಿದರೂ ಬೈಯುತ್ತಾರೆ. ಅವರು ಆ ಕೆಲಸದಲ್ಲಿ ಎತ್ತಿದ ಕೈ. ಮಾವು, ಬೇವು, ಹೊಂಗೆ, ಹುಣಸೆ, ಕಡಿಯದ ಮರವಿಲ್ಲ. "ನಿನ್ ಕೈ ಬಿದ್ದೋಗ" ಅಂತ ಎಷ್ಟು ಜನ ಶಪಿಸಿದ್ದಾರೋ ಲೆಕ್ಕವಿಲ್ಲ. ಅವರು ಅದಕ್ಕೆಲ್ಲ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ತಲೆಕೆಡಿಸಿಕೊಂಡದ್ದು ಒಂದೇ ಒಂದು ಮರದ ಬಗ್ಗೆ, ಅದನ್ನು ನನಗೆ ಹತ್ತು ಸಲವಾದರೂ ಹೇಳಿದ್ದಾರೆ.

ಕೆಲಸಕ್ಕೆ ಸೇರಿದ ಹೊಸತು, ಬಂಡಳ್ಳಿ ಕಡೆ. ಒಬ್ಬ ಅಜ್ಜಿಯ ಹಿತ್ತಿಲಲ್ಲಿ ಒಂದೇ ತೆಂಗಿನ ಮರ, ಅದರ ತಲೆ ತಂತಿಗೆ ಬಡಿಯುತ್ತಿತ್ತು. ಮೇಲಿನವರು ಕಡಿ ಅಂದರು, ಇವರು ಕಡಿದರು. ಅಜ್ಜಿಗೆ ಕಣ್ಣು ಸರಿಯಾಗಿ ಕಾಣದು. ಸದ್ದು ಕೇಳಿ ಗೋಡೆ ಹಿಡಿದುಕೊಂಡು ಬಂದು, "ಏನ್ಲಾ ಮಗ, ಬುಡ ಕಡದ್ಯಾ?" ಅಂತ ಕೇಳಿದಳಂತೆ. "ಇಲ್ಲ ಕಣವ್ವ, ಮ್ಯಾಲ ಒಸಿ ತಗ್ದಿವ್ನಿ. ಚಿಗುರ್ತದ ಬುಡು" ಅಂದರಂತೆ ಇವರು. ತೆಂಗಿನ ತಲೆ ಹೋದರೆ ಚಿಗುರುವುದಿಲ್ಲ ಅನ್ನುವುದು ಹಳ್ಳಿಯ ಹಸುಗೂಸಿಗೂ ಗೊತ್ತು. "ಗೊತ್ತಿತ್ತು ಸಾ. ಆದ್ರೂ ಬಾಯ್ಗ ಬಂದ್ಬುಡ್ತು. ಯೋಳ್ಬುಟ್ಟಿ." ಆಮೇಲೆ ಮೀಟರ್ ನೋಡಲು ಆ ಬೀದಿಗೆ ಹೋದಾಗಲೆಲ್ಲ ಅಜ್ಜಿ ಹೆಜ್ಜೆ ಸದ್ದಿನಲ್ಲೇ ಗುರುತು ಹಿಡಿದು ಕೇಳುವಳಂತೆ, "ಯಾವಾಗ ಚಿಗುರ್ತದ ಮಗ?" ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ. ಇವರು ಕೊನೆಗೆ ಆ ಬೀದಿಯ ಕೆಲಸವನ್ನೇ ಬೇರೆಯವರಿಗೆ ಬಿಟ್ಟುಕೊಟ್ಟರು.

"ಬ್ಯಾರೆ ಮರಕ್ಕ ನೂರು ತಲ ಸಾ. ಒಂದ್ ಕಡದ್ರ ಇನ್ನೊಂದು. ತೆಂಗು, ಈಚಲು, ಇವ್ಕ ಒಂದೇ ತಲ. ನಮ್ ಥರ." ಈ ಮಾತನ್ನು ಅವರು ನನಗೆ ಎಷ್ಟು ಸಲ ಹೇಳಿದ್ದರು ಅನ್ನುವುದನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಕಡಿದವನು ಒಂದನ್ನಾದರೂ ಬೆಳೆಸಬೇಕು ಅಂತ ಅವರಿಗೆ ಹತ್ತಿತ್ತು. ಅದೂ ಒಂದೇ ತಲೆಯದ್ದೇ ಆಗಬೇಕು. ಕೊಳ್ಳೇಗಾಲದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ರಂಜಾನ್ ತಿಂಗಳಲ್ಲಿ ಒಂದು ಹಿಡಿ ಖರ್ಜೂರ ಕೊಟ್ಟಿದ್ದರು. ತಿಂದು ಬೀಜ ಉಗುಳುವ ಬದಲು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರು. ಮೂರು ಮೊಳೆತವು. ಎರಡನ್ನು ಎಲ್ಲರ ಹಾಗೆ ಗೊಬ್ಬರ ಮಣ್ಣು ಹಾಕಿ ನೆಟ್ಟರು. ಒಂದು ಗೆದ್ದಲಿಗೆ, ಒಂದು ಮೇಕೆಗೆ. ಮೂರನೆಯದಕ್ಕೆ ತಮಗೆ ಗೊತ್ತಿದ್ದ ಒಂದೇ ಗುಂಡಿ ತೋಡಿದರು: ಅರ್ಥಿಂಗ್ ಗುಂಡಿ.

ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಗುಂಡಿ, ಟ್ರಾನ್ಸ್‌ಫಾರ್ಮರ್ ಪಕ್ಕ ನೀವು ನೋಡಿರಬಹುದು. ಆಳವಾದ ಗುಂಡಿ ತೋಡಿ, ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು, ನಡುವೆ ಒಂದು ಪೈಪು, ಬೇಸಿಗೆಯಲ್ಲಿ ಅದಕ್ಕೆ ನೀರು. ಗಿಡಕ್ಕೆ ಉಪ್ಪು ಹಾಕುವವರುಂಟೇ! ಅವರ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕು ಸಾಕಾದರಂತೆ: "ಮರ ನೆಡ್ತಿದ್ದರೋ ಉಪ್ಪಿನ್ಕಾಯಿ ಆಕ್ತಿದ್ದರೋ ಕೇಳ್ರವ್ವ!" ಇವರದು ಒಂದೇ ಉತ್ತರ: "ಅರ್ಥಿಂಗ್ ಸರಿಯಾಗಿದ್ರ ಎಲ್ಲಾ ಸರಿಯಾಗ್ತದ." ಬೇರೆ ಯಾವ ಗಿಡವಾಗಿದ್ದರೂ ವಾರದಲ್ಲಿ ಸುಟ್ಟುಹೋಗುತ್ತಿತ್ತು. ಆದರೆ ಖರ್ಜೂರ ಉಪ್ಪುನೆಲದ ಮರ. ಬೇರಿನ ತುದಿಗೆ ನೇರವಾಗಿ ಪೈಪಿನಲ್ಲಿ ನೀರು, ತಲೆಯ ಮೇಲೆ ಮಾಂಬಳ್ಳಿಯ ಬಿಸಿಲು, ಅದಕ್ಕೆ ಬೇಕಿದ್ದದ್ದೂ ಅದೇ. ತಪ್ಪೇ ಕೈಹಿಡಿಯಿತು.

ಊರಿನವರಿಗೆ ಖರ್ಜೂರ ಯಾವುದು, ಈಚಲು ಯಾವುದು? ಗರಿ ನೋಡಿ, ಹೆಂಡದ ಮರವನ್ನು ಮನೆ ಮುಂದೆ ಬೆಳೆಸಿದ್ದಾನೆ ಅಂದರು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುವ ಜನವಲ್ಲವೇ. ಇವರು ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ, "ಬಾಪ್ಪ, ಮಜ್ಜಿಗೆ ಕುಡ್ದು ಓಗು" ಅಂತ ಕರೆದು ಮರದ ಬುಡದಲ್ಲೇ ಕೂರಿಸುತ್ತಿದ್ದರು. ಗರಿಯ ಬುಡದಲ್ಲಿ ಗೇಣುದ್ದದ ಮುಳ್ಳು. ಮಕ್ಕಳಿಗೆ ಚುಚ್ಚೀತು ಅಂತ ಕಟಿಂಗ್ ಪ್ಲೇಯರಿನಲ್ಲಿ ಒಂದೊಂದೇ ಮುಳ್ಳಿನ ಮೊನೆ ಕತ್ತರಿಸುವರು. ಕೆಂಪು ಹುಳ, ಕೊಂಬಿನ ದುಂಬಿ ಸುಳಿಯಲ್ಲಿ ತೂತು ಕೊರೆದರೆ ತಂತಿಯ ಕೊಕ್ಕೆ ಮಾಡಿ ಎಳೆದು ತೆಗೆಯುವರು. ಒಣಗಿದ ಕೆಳಗಿನ ಗರಿ ಬಿಟ್ಟು ಹಸಿರು ಗರಿಗೆ ಕತ್ತಿ ತಾಗಿಸಿದ್ದನ್ನು ನಾನು ನೋಡೇ ಇಲ್ಲ.

ನಾನು ಬಂದ ಮೂರನೆಯ ವರ್ಷ ಮರ ಮೊದಲ ಸಲ ಹೂ ಬಿಟ್ಟಿತು, ಎಲ್ಲ ಉದುರಿತು. ಮರುವರ್ಷವೂ ಉದುರಿತು. ಬಿಳಿಗಿರಿರಂಗನ ಬೆಟ್ಟದಿಂದ ಈಚಲ ಗರಿಯ ಪೊರಕೆ ಹೊತ್ತು ಬರುತ್ತಿದ್ದ ಸೋಲಿಗರ ಅಜ್ಜನೊಬ್ಬ ನಿಂತು ನೋಡಿ, "ಇದು ಎಣ್ಣು. ಗಂಡಿಲ್ಲದೆ ಎಂಗ್ ಕಟ್ಟೀತು?" ಅಂದು ನಡೆದನಂತೆ. ಮಾರನೆಯ ದಿನ ಇವರು ಆಫೀಸಿಗೆ ಬಂದವರೇ, "ಸಾ, ಬರೀ ಫೇಸ್ ಎಳ್ದು ನ್ಯೂಟ್ರಲ್ ಕೊಡ್ದೆ ಬಲ್ಬ್ ಉರಿಯಾದಿಲ್ಲ ಅಂತ ಎದೆ ಬಡ್ಕಳ್ತಿದ್ದಿ ನಾನು" ಅಂತ ಜೋರಾಗಿ ನಕ್ಕರು. ಮುಂದಿನ ಮಾಗಿಯಲ್ಲಿ ಹೊಳೆ ದಂಡೆಯ ಗಂಡು ಈಚಲಿನ ಹೂಗೊಂಚಲನ್ನು ಪೇಪರಿನಲ್ಲಿ ಸುತ್ತಿ ತಂದರು. ಕಂಬ ಹತ್ತುವ ಬೆಲ್ಟನ್ನೇ ಕಟ್ಟಿಕೊಂಡು ಮರ ಹತ್ತಿ, ಹೆಣ್ಣು ಹೂವಿನ ನಡುವೆ ಗಂಡಿನ ಎಳೆ ಸಿಕ್ಕಿಸಿ, ಹಳೆಯ ಸೀರೆ ಸುತ್ತಿ ಇಳಿದರು. ಕೆಳಗೆ ನಿಂತ ನಾವು ಚಪ್ಪಾಳೆ ತಟ್ಟಿದೆವು.

ಮುಂಗಾರಿನ ಹೊತ್ತಿಗೆ ಹಳದಿ ಕಾಯಿ ತುಂಬಿ ಬಗ್ಗಿತು. ಮಳೆಗೆ ಕೊಳೆಯುತ್ತದೆ ಅಂತ ಪೂರ್ತಿ ಹಣ್ಣಾಗಲು ಬಿಡದೆ, ದೋರೆಯಲ್ಲೇ ಕಿತ್ತು ಟಿಫಿನ್ ಡಬ್ಬಿಯಲ್ಲಿ ಆಫೀಸಿಗೆ ತಂದರು. ಪ್ರತಿ ಮೇಜಿನ ಮೇಲೂ ಮೂರು ಮೂರು. ನಾನು ಕಚ್ಚಿ, ಒಗರಿಗೆ ಮುಖ ಕಿವುಚಿದೆ. "ಉಗೀಬ್ಯಾಡಿ ಸಾ, ಅಗೀರಿ. ಸಿಹಿ ಇಂದ್ಲಿಂದ ಬತ್ತದ." ಬಂತು. ಆ ದಿನ ಅವರ ಮುಖದಲ್ಲಿದ್ದ ಖುಷಿಯನ್ನು ನಾನು ಯಾರ ಮುಖದಲ್ಲೂ ನೋಡಿಲ್ಲ.

ನಿವೃತ್ತಿಯ ದಿನ ನಾವು ಅವರಿಗೆ ಶಾಲು ಹೊದಿಸಿದೆವು. ಅವರು ನನಗೆ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಹಳೆ ಡಬ್ಬಿಯಲ್ಲಿ ಒಂದು ಮರಿ ತಂದುಕೊಟ್ಟರು. ಮರದ ಬುಡದಲ್ಲಿ ಮರಿ ನಾಲ್ಕೈದು ಎದ್ದಿದ್ದವಂತೆ, ಬೇರು ಹಿಡಿದದ್ದು ಇದೊಂದೇ. ಹಾರೆಯಲ್ಲಿ ಸುತ್ತ ಬಿಡಿಸಿ, ತಾಯಿಗೆ ನೋವಾಗದ ಹಾಗೆ ಉಳಿಯಲ್ಲಿ ಕತ್ತರಿಸಿ, ಗೋಣಿ ಸುತ್ತಿದ್ದರು. "ಬೀಜದ್ದಾದ್ರ ಗಂಡೋ ಎಣ್ಣೋ ಯಾರ್ ಕಂಡರು ಸಾ. ಮರಿ ಅಂದ್ರ ಅದೇ ಜೀವ. ಇದು ಅದ್ರ ಮಗಳು. ತಿಂಗ್ಳೊಳ್ಗ ನೆಲಕ್ಕ ಇಳ್ಸಿ, ದಿನಾ ನೀರ್ ಕೊಡಿ." ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಭಾಷಣವನ್ನೂ ಮಾಡಿದೆ.

ಕೊಳ್ಳೇಗಾಲದ ನಮ್ಮ ಮನೆಯ ತಾರಸಿಯಲ್ಲಿ ಆ ಡಬ್ಬಿ ಕೂತಿತು. ನೆಲಕ್ಕೆ ಇಳಿಸುವ ಭಾನುವಾರ ಬರಲೇ ಇಲ್ಲ. ಅಷ್ಟರಲ್ಲಿ ನನಗೆ ಹನೂರಿಗೆ ವರ್ಗವಾಯಿತು, ಓಡಾಟದಲ್ಲಿ ಮರೆತೆ. ಬೇಸಿಗೆಯಲ್ಲಿ ಒಂದು ದಿನ ಹತ್ತಿ ನೋಡಿದರೆ ನಡುವಿನ ಸುಳಿ ಹಿಡಿದೆಳೆದ ಕೂಡಲೇ ಕೈಗೆ ಬಂತು. ಡಬ್ಬಿಯಲ್ಲಿ ನನ್ನ ಹೆಂಡತಿ ದೊಡ್ಡಪತ್ರೆ ಹಾಕಿದಳು. ಇದಾದ ಕೆಲವು ದಿನಕ್ಕೆ ಅವರು ಸಂತೆಯಲ್ಲಿ ಸಿಕ್ಕಿ, "ಮಗಳು ಎಂಗವ್ಳ ಸಾ?" ಅಂದರು. "ಚೆನ್ನಾಗಿದ್ದಾಳೆ ಯಜಮಾನ್ರೇ" ಅಂದೆ. ಅವರ ಮನಸ್ಸು ನೋಯಿಸುವುದು ಯಾಕೆ ಅಂತ, ಬಾಯಿ ಮಾತಿಗೆ. ಮರುವರ್ಷ ಕೇಳಿದಾಗ ಮೊಣಕಾಲುದ್ದ ಅಂದೆ. ಅದರ ಮರುವರ್ಷ ಸೊಂಟದೆತ್ತರ ಅಂದೆ. ಸತ್ತ ಗಿಡವನ್ನು ನಾಲಿಗೆಯ ಮೇಲೇ ಬೆಳೆಸಿದ ಗಂಡಸು ನಾನು. ಅವರು ಕೈಯಿಂದ ಎತ್ತರ ತೋರಿಸಿ, "ಇಷ್ಟಾ?" ಅಂತ ಕೇಳುತ್ತಿದ್ದರು. ನಾನು ಅವರ ಕೈಯನ್ನು ಇನ್ನೂ ನಾಲ್ಕು ಬೆರಳು ಮೇಲಕ್ಕೆ ಎತ್ತಿಸುತ್ತಿದ್ದೆ.

ಹನೂರಿನಿಂದ ಮತ್ತೆ ಅದೇ ಸೆಕ್ಷನ್ನಿಗೆ ಬಂದೆ. ಆಗ ಮಾಂಬಳ್ಳಿಯ ಆ ರಸ್ತೆ ಅಗಲವಾಗಿ, ಕಂಬಗಳೆಲ್ಲ ಅವರ ಕಾಂಪೌಂಡಿನ ಪಕ್ಕಕ್ಕೆ ಸರಿದವು. ತಂತಿ ಮರದ ತಲೆಯ ಪಕ್ಕದಲ್ಲೇ. ಕ್ಯಾಲೆಂಡರ್ ಹಾಳೆಯ ಹಿಂದೆ ನಕ್ಷೆ ಬರೆದುಕೊಂಡು, ಟೇಪು ಹಿಡಿದು ಆಫೀಸಿಗೆ ಬಂದರು. "ಒಂದ್ ಕಂಬ, ಸಾ. ಮೂರೇ ಮೂರಡಿ ಆಚ್ಗ ನಿಲ್ಸುದ್ರ ಸಾಕು. ಗಾಳಿಗ ಗರಿ ತಾಗಾದಿಲ್ಲ. ನಾನೇ ಅಳ್ತೆ ಇಡ್ದಿವ್ನಿ." ಸರಿಯಾದ ಅಳತೆಯೇ. "ಮಾಡಿಸೋಣ ಬಿಡಿ, ನಾನಿರೋವರೆಗೂ ಆ ಮರ ಯಾರೂ ಮುಟ್ಟಲ್ಲ" ಅಂದೆ. ಮೇಲಿನವರಿಗೆ ಒಂದು ಪತ್ರ ಬರೆಯಬೇಕಿತ್ತು. ಅರ್ಧ ಗಂಟೆಯ ಕೆಲಸ. ಆ ಕ್ಯಾಲೆಂಡರ್ ಹಾಳೆ ಈಗಲೂ ನನ್ನ ಮೇಜಿನ ಗಾಜಿನ ಕೆಳಗಿದೆ.

ಪತ್ರಕ್ಕೆ ಕಾಯುತ್ತಾ ಅವರು ವಾರಕ್ಕೊಮ್ಮೆ ಬೆಲ್ಟು ಕಟ್ಟಿ ಹತ್ತಿ, ಗರಿಗಳನ್ನೆಲ್ಲ ಒಟ್ಟುಗೂಡಿಸಿ ಹೆಣ್ಣುಮಗುವಿಗೆ ಜುಟ್ಟು ಹಾಕಿದ ಹಾಗೆ ಹಗ್ಗದಲ್ಲಿ ಕಟ್ಟುತ್ತಿದ್ದರು. ಗಾಳಿಗೆ ಹಗ್ಗ ಸಡಿಲವಾಗುವುದು, ಮತ್ತೆ ಹತ್ತುವುದು. ಆ ವಯಸ್ಸಿನಲ್ಲಿ. ಹೋದ ವರ್ಷ ಬೇಸಿಗೆಯ ಕೊನೆಗೆ ಒಂದು ಬೆಳಿಗ್ಗೆ ಅವರ ಎಡಗೈ, ಎಡಗಾಲು ಬಿದ್ದುಹೋದವು. ಕೊಳ್ಳೇಗಾಲದ ಆಸ್ಪತ್ರೆಗೆ ನಾನು ಎಳನೀರು ತೆಗೆದುಕೊಂಡು ಹೋದೆ. ಮಾತು ತೊದಲುತ್ತಿತ್ತು. "ಕೈ ಬಿದ್ದೋಗ ಅಂದೋರ್ ಶಾಪ ಈಗ ತಟ್ತು ಸಾ" ಅಂತ ನಗಲು ನೋಡಿದರು. ಆಮೇಲೆ ನನ್ನ ಕೈಯನ್ನು, ಮೊದಲು ಹಿಂಗೈ ತಾಗಿಸಿ, ಹಿಡಿದುಕೊಂಡರು. "ಜುಟ್ಟು ಕಟ್ಟೋರಿಲ್ಲ ಸಾ. ಒಸಿ ನೋಡ್ಕಳಿ." ನೋಡಿಕೊಳ್ಳುತ್ತೇನೆ ಅಂದೆ. ಅಂದದ್ದು ಮನಸ್ಸಿನಿಂದಲೇ.

ಒಂದು ವಾರಕ್ಕೆ ಮಳೆ ಗಾಳಿ ಎದ್ದಿತು. ಗರಿ ತಂತಿಗೆ ಬಡಿದು ಮಾಂಬಳ್ಳಿಯ ಲೈನು ಮೂರು ಸಲ ಟ್ರಿಪ್ಪಾಯಿತು. ಜಂಗಲ್ ಕಟಿಂಗಿನವರು ಗುತ್ತಿಗೆಯವರು, ಬೇರೆ ಊರಿನವರು. ನಾನು ಚಾಮರಾಜನಗರದಲ್ಲಿ ಮೀಟಿಂಗಿನಲ್ಲಿದ್ದೆ. ಗುತ್ತಿಗೆಯವರ ಮೇಸ್ತ್ರಿ ಫೋನ್ ಮಾಡಿ, "ಸಾರ್, ಇಲ್ಲೊಂದು ಮರ ತಾಗ್ತಾ ಇದೆ, ಯಾರೋ ರಿಟೈರ್ಡ್ ಲೈನ್‌ಮನ್ ಮನೇದಂತೆ. ಬುಡಕ್ಕೇ ಹಾಕೋಣ್ವಾ?" ಅಂದ. ನಾನು ಹೊರಗೆ ಬಂದು, ಗದರಿಸುವ ದನಿಯಲ್ಲೇ ಹೇಳಿದೆ: "ಏಯ್, ಬುಡ ಮುಟ್ಟಬೇಡ್ರಪ್ಪ, ಅವರು ನಮ್ಮವರು. ಮೇಲಿಂದ ಒಂದು ಮೂರಡಿ ತೆಗೀರಿ ಸಾಕು."

ಎಷ್ಟು ವರ್ಷಗಳಿಂದ ಎಷ್ಟು ಮರಕ್ಕೆ ಹೇಳಿದ ಮಾತು ಅದು. ಬೇವಿಗೆ ಹೇಳಿದ್ದೇನೆ, ಹೊಂಗೆಗೆ ಹೇಳಿದ್ದೇನೆ. ಕರುಣೆಯ ಮಾತು ಅಂತಲೇ ಹೇಳುತ್ತಿದ್ದೆ. ಅರ್ಧ ಗಂಟೆಗೆ ವಾಟ್ಸಾಪಿಗೆ ಫೋಟೋ ಬಂತು, 'ಕೆಲಸ ಆಯ್ತು ಸರ್' ಅಂತ. ಮೀಟಿಂಗಿನಲ್ಲೇ ಮೇಜಿನ ಕೆಳಗೆ ಹೆಬ್ಬೆರಳಿನ ಗುರುತು ಒತ್ತಿ ಕಳಿಸಿದೆ. ಸಂಜೆ ಬಸ್ಸಿನಲ್ಲಿ ಕೂತು ಫೋಟೋ ದೊಡ್ಡದು ಮಾಡಿ ನೋಡಿದೆ. ಕೆಳಗಿನ ಸುತ್ತಿನ ಗರಿಗಳು ಹಸಿರಾಗಿ ಜೋತುಬಿದ್ದಿದ್ದವು. ನಡುವೆ, ಸುಳಿ ಇರಬೇಕಾದಲ್ಲಿ, ಕೊಬ್ಬರಿ ಹೋಳಿನಂತೆ ಬೆಳ್ಳಗೆ ಕತ್ತರಿಸಿದ ಜಾಗ. ಅಯ್ಯೋ ಶಿವನೇ, ಬುಡಕ್ಕೇ ಹಾಕಿ ಅಂದಿದ್ದರೂ ಬೇರೆಯೇನೂ ಆಗುತ್ತಿರಲಿಲ್ಲವಲ್ಲ!

ಅವರನ್ನು ಮನೆಗೆ ಕರೆತಂದ ದಿನ ನಾನು ಅಲ್ಲಿದ್ದೆ. ಇರದಿದ್ದರೆ ಅನುಮಾನ ಬಂದೀತು ಅಂತ ಹೋಗಿದ್ದೆ, ನಿಜ ಹೇಳಬೇಕೆಂದರೆ. ಆಟೋದಿಂದ ಇಳಿಸಿ ಮಗಳು, ಅಳಿಯ ಹಿಡಿದುಕೊಂಡರು. ಅವರು ಒಳಗೆ ಹೋಗಲಿಲ್ಲ. ಮರದ ಹತ್ತಿರ ಕರೆದೊಯ್ಯಿರಿ ಅಂತ ಸನ್ನೆ ಮಾಡಿದರು. ತಲೆಯೆತ್ತಿ ನೋಡಿದರು. ಆಡುತ್ತಿದ್ದ ಬಲಗೈಯ ಹಿಂಬದಿಯನ್ನು ಕಾಂಡಕ್ಕೆ ತಾಗಿಸಿ, ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ಸಪ್ಲೈ ಇಲ್ಲ ಸಾ" ಅಂದರು.

"ಚಿಗುರುತ್ತೆ ಬಿಡಿ ಯಜಮಾನ್ರೇ" ಅಂದೆ ನಾನು. ಬಾಯಿಗೆ ಬಂದುಬಿಟ್ಟಿತು. ಅವರು ತಿರುಗಿ ನನ್ನನ್ನು ನೋಡಿದರು. ಬಂಡಳ್ಳಿಯ ಅಜ್ಜಿಯ ಕಥೆಯನ್ನು ನನಗೆ ಹೇಳಿದವರು ಅವರೇ ಅನ್ನುವುದು ನನಗೆ ಆಗ ನೆನಪಾಯಿತು.

ಅವರ ಹೆಂಡತಿ ಕಾಫಿ ಕೊಡುತ್ತಾ, "ಯಾವ್ ಮುಂಡೇಮಗ ಕಡಿ ಅಂದ್ನೋ, ಅವ್ನ್ ಮನೆ ಆಳಾಗ" ಅಂದರು. ನಾನು ಕಾಫಿ ಕುಡಿದೆ. ಅವರು ಹೆಂಡತಿಯನ್ನು ತಡೆದರು: "ಸುಮ್ನಿರು. ತಂತಿಗ ತಾಗಿದ್ದ ಕಡೀತಾರ. ನಾ ಕಡ್ದಿಲ್ವಾ?" ಯಾರು ಹೇಳಿದರು ಅಂತ ಅವರು ಕೇಳಲೇ ಇಲ್ಲ. ಗೊತ್ತಿತ್ತೋ ಏನೋ, ಈಗ ತಿಳಿಯುವ ದಾರಿಯಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರ ಮುಖ ತಿಳಿಯಾಯಿತು. "ಓಗ್ಲಿ ಬುಡಿ ಸಾ. ಮಗಳು ಅವ್ಳಲ್ಲ ನಿಮ್ಮನೇಲಿ. ಎದೆ ಮಟ್ಟ ಬಂದಿರ್ಬೇಕು ಈಗ. ಅವಳ ಬುಡ್ದಲ್ಲಿ ಒಂದ್ ಮರಿ ಎದ್ದಿದ್ರ ತಂದ್ಕೊಡಿ. ಇಲ್ದಿದ್ರ ಅವಳ್ನೇ ತಂದ್ಬುಡಿ, ನಿಮ್ಗ ಇನ್ನೊಂದು ನಾ ಮಾಡ್ಕೊಡ್ತೀನಿ."

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮಳೆ ನಿಲ್ಲಲಿ ಅಂದೆ, ಮಳೆ ನಿಂತಿತು. ಬೇರು ಬಿಡಿಸುವವರು ಸಿಕ್ಕಲಿ ಅಂದೆ. ಅವರು ಫೋನಿನಲ್ಲೇ, ತೊದಲುತ್ತಲೇ, ಹಾರೆ ಎಲ್ಲಿ ಹಾಕಬೇಕು, ಗರಿ ಹೇಗೆ ಕಟ್ಟಬೇಕು ಅಂತ ಹೇಳಿಕೊಟ್ಟರು. ನಾನು ಇಲ್ಲದ ಗಿಡದ ಪಕ್ಕ ನಿಂತವನ ಹಾಗೆ ಹೂಂ, ಹೂಂ ಅಂದೆ. ಒಮ್ಮೆ ಮೈಸೂರು ರಸ್ತೆಯ ನರ್ಸರಿಗೆ ಹೋಗಿ ಖರ್ಜೂರದ ಸಸಿಯೊಂದನ್ನು ಎತ್ತಿಯೂ ನೋಡಿದೆ. "ಹೆಣ್ಣೇ ಸಾರ್, ಡೌಟೇ ಬೇಡ" ಅಂದ ಅಂಗಡಿಯವನು. ಅವರ ಹಿಂಗೈಗೆ ತಿಳಿದುಬಿಡುತ್ತದೆ ಅನ್ನಿಸಿ ಇಟ್ಟು ಬಂದೆ. ಮೋಸ ಮಾಡುವ ಧೈರ್ಯವೂ ಇಲ್ಲ, ನಿಜ ಹೇಳುವ ಧೈರ್ಯವೂ ಇಲ್ಲ, ನನ್ನಂಥವನನ್ನು ಏನನ್ನುತ್ತಾರೋ ಗೊತ್ತಿಲ್ಲ.

ಕೆಳಗಿನ ಗರಿಗಳು ನಾಲ್ಕೈದು ತಿಂಗಳು ಹಸಿರಾಗಿದ್ದು, ಒಂದೊಂದಾಗಿ ಒಣಗಿ ಬಿದ್ದವು. ಅವರು ಕಳೆದ ತಿಂಗಳು ನಿದ್ದೆಯಲ್ಲೇ ಹೋದರು.

ಹನ್ನೊಂದನೆಯ ದಿನ ಹೋದೆ. ಊಟ ಮುಗಿದು ಜನ ಚದುರಿದ ಮೇಲೆ ಅವರ ಹೆಂಡತಿ, "ಬನ್ನಿ ಸಾ, ಒಂದ್ ತೋರುಸ್ಬೇಕು" ಅಂತ ಮನೆಯ ಆಚೆ ಮಗ್ಗುಲಿಗೆ ಕರೆದೊಯ್ದರು. ತಂತಿಯಿಂದ ದೂರ, ಬಿಸಿಲು ಬೀಳುವ ಕಡೆ, ಒಂದು ಗುಂಡಿ. ಅಂಚಿನಲ್ಲಿ ಇದ್ದಿಲಿನ ಕರಿ, ಉಪ್ಪಿನ ಬಿಳಿ ಪದರ ಕಾಣುತ್ತಿತ್ತು. ಮೇಲೆ ಮಣ್ಣು ಹಾಕಿ, ನಡುವೆ ಸಸಿ ಇಡುವಷ್ಟು ಜಾಗ ಬಿಟ್ಟಿದ್ದರು. ಪಕ್ಕದಲ್ಲಿ ಪೈಪು ನಿಂತಿತ್ತು.

"ಕುರ್ಚಿ ಆಕುಸ್ಕಂಡು ಕುಂತು, ಆಳ್ ಕೈಲಿ ತೋಡ್ಸುದ್ರು ಸಾ. ಸಾಯೋಕ್ ಮುಂಚಿನ್ ದಿನವೂವ ಕೇಳುದ್ರು, ಸಾ ಬಂದ್ರಾ ಅಂತ. ಗುಂಡಿ ಒಣಗ್ಬಾರ್ದು ಅಂದಿದ್ರು. ನಾನ್ ದಿನಾ ನೀರ್ ಉಯ್ತಾ ಇವ್ನಿ."

ನಾನು ಬಗ್ಗಿ ಮಣ್ಣು ಮುಟ್ಟಿದೆ. ಯಾಕೋ, ಅವರ ಹಾಗೆ, ಹಿಂಗೈಯಲ್ಲಿ. ತಣ್ಣಗೆ ಒದ್ದೆಯಾಗಿತ್ತು.

"ಯಾವಾಗ ತತ್ತೀರಿ ಸಾ?" ಅಂತ ಕೇಳಿದರು.

"ಬರೋ ಭಾನುವಾರ ತರ್ತೀನಮ್ಮ" ಅಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಕೊಡ ಎತ್ತಿ ಪೈಪಿಗೆ ನೀರು ಹುಯ್ದರು.